ಚೇಂಬರಿನ ಬಾಯಿಗೆ ಕುರ್ಚಿ ಹಾಕಿದ ಮಳೆಗಾಲ

ಹೋದ ತಿಂಗಳು ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ನಾಮಕರಣವಿತ್ತು. ಊಟ ಬೇಸ್‌ಮೆಂಟಿನ ಹಾಲ್‌ನಲ್ಲಿ. ಎಲೆ ಹಾಕಿ, ಕೋಸಂಬರಿ ಪಲ್ಯ ಬಡಿಸಿ, ಅನ್ನಕ್ಕೆ ತೊವ್ವೆ ಬರುವ ಹೊತ್ತಿಗೆ ಎಲ್ಲಿಂದಲೋ ಒಂದು ವಾಸನೆ ಬಂತು. ಬರೀ ಗಲೀಜಿನ ವಾಸನೆಯಲ್ಲ. ಗಲೀಜು ಗೊತ್ತಾಗಬಾರದೆಂದು ಅದರ ಮೇಲೆ ನಿಂಬೆಹುಲ್ಲಿನ ಪರಿಮಳದ ಫಿನಾಯಿಲ್ ಸುರಿದರೆ ಬರುತ್ತದಲ್ಲ, ಆ ವಾಸನೆ. ಪಂಕ್ತಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ನಾನು ಮಾತ್ರ ಕೈಲಿದ್ದ ತುತ್ತನ್ನು ಎಲೆಗೇ ಬಿಟ್ಟೆ. ಎಲೆ ಮಡಚಿ, ಕೈ ತೊಳೆದು, ಮೇಲೆ ಬಂದು ಗೇಟಿನ ಹತ್ತಿರ ನಿಂತುಬಿಟ್ಟೆ. ನಮ್ಮನೆಯವರು ಗಾಬರಿಯಿಂದ ಹಿಂದೆಯೇ ಬಂದರು.

"ಏನಾಯ್ತೇ ವಿಜಯಾ?"

"ಪುಟ್ಟೇನಹಳ್ಳಿ ವಾಸನೆ," ಅಂದೆ.

ಅವರು ಆಟೋ ಕರೆದರು.

ಪುಟ್ಟೇನಹಳ್ಳಿ ಅಂದರೆ ಈಗ ಜನಕ್ಕೆ ಕೆರೆ, ವಾಕಿಂಗ್ ದಾರಿ, ಹಕ್ಕಿ ಫೋಟೋ ತೆಗೆಯುವವರು ನೆನಪಾಗುತ್ತಾರೆ. ನಾವು ಬಾಡಿಗೆಗಿದ್ದದ್ದು ಆ ಕಡೆಯಲ್ಲ. ಹಳೇ ಊರಿನ ತಗ್ಗಿನಲ್ಲಿ, ಎದುರುಬದರು ಆಟೋ ಬಂದರೆ ಒಂದು ಹಿಂದೆ ಸರಿಯಬೇಕಾದಂಥ ಬೀದಿ. ಓನರ್ ವೆಂಕಟೇಶಪ್ಪನವರು ತಮ್ಮ ಹಳೇ ಮನೆ ಕೆಡವಿ ಮೂರು ಅಂತಸ್ತು ಎಬ್ಬಿಸಿದ್ದರು. ತಾವು ಮೇಲುಗಡೆ, ಬಾಡಿಗೆಯವರು ಕೆಳಗೆ. ನೆಲಮಹಡಿಯ ಒಂದು ಪೋರ್ಷನ್ ನಮ್ಮದು. ನಮ್ಮನೆಯವರು ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗುತ್ತಿದ್ದರು. ನಾನು ಮುಂದಿನ ರೂಮಿನಲ್ಲಿ ಗ್ರೈಂಡರ್ ಇಟ್ಟುಕೊಂಡು ದೋಸೆ ಹಿಟ್ಟು ರುಬ್ಬಿ ಮಾರುತ್ತಿದ್ದೆ. ನನ್ನ ಹಿಟ್ಟಿಗೆ ಅರೆಕೆರೆಯಿಂದ ಸ್ಕೂಟರಿನಲ್ಲಿ ಬರುವವರಿದ್ದರು. ಜಂಬ ಅಂದುಕೊಂಡರೂ ಸರಿ, ಹೇಳುತ್ತೇನೆ, ಆ ಹಿಟ್ಟು ಚೆನ್ನಾಗಿರುತ್ತಿತ್ತು.

ಗೋಡೆಯಾಚೆಗಿನ ಪೋರ್ಷನ್ನಿನಲ್ಲಿ ಸುಜಾತಾ ಇದ್ದಳು. ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸು. ಗಂಡ ಕ್ಯಾಬ್ ಓಡಿಸುತ್ತಿದ್ದ, ಒಬ್ಬಳೇ ಮಗಳು ಮೈತ್ರಿ ಒಂದನೇ ಕ್ಲಾಸು. ಅವರ ಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಪಕ್ಕದಲ್ಲೇ ಹಾರ ಹಾಕಿದ ಒಬ್ಬ ಗಂಡಸಿನ ಫೋಟೋ. ಒಂದು ಸಲ ಕೇಳಿದ್ದಕ್ಕೆ "ನಮ್ಮಪ್ಪ ಅಕ್ಕ, ಬೇಗ ಹೋಗ್ಬಿಟ್ರು" ಅಂದು ಮಾತು ಬದಲಿಸಿದ್ದಳು. ನಾನೂ ಕೆದಕಲಿಲ್ಲ. ಮೈತ್ರಿ ಸಾಯಂಕಾಲವೆಲ್ಲ ನಮ್ಮ ಮನೆಯಲ್ಲೇ ಇರುತ್ತಿದ್ದಳು, ಗ್ರೈಂಡರಿನ ಕಲ್ಲು ತಿರುಗುವುದನ್ನು ನೋಡುತ್ತಾ ತೂಕಡಿಸುವುದು ಅವಳಿಗೆ ಇಷ್ಟ.

ಆ ವರ್ಷ ಆಗಸ್ಟ್ ಕೊನೆಯಲ್ಲಿ ಹಿಡಿದ ಮಳೆ ದಸರಾ ದಾಟಿದರೂ ಬಿಡಲಿಲ್ಲ. ಮೊದಲನೇ ದೊಡ್ಡ ಮಳೆಯ ಮಾರನೇ ಬೆಳಿಗ್ಗೆ ಬಚ್ಚಲಿನ ಜಾಲರಿ ಗುಳುಗುಳು ಅಂತ ಸದ್ದು ಮಾಡಿತು. ನೋಡುತ್ತಿದ್ದ ಹಾಗೆಯೇ ಕಪ್ಪು ನೀರು ಮೇಲೆ ಬಂತು. ಒಳಗೆ ಹೋಗಬೇಕಾದದ್ದು ಹೊರಗೆ ಬರುತ್ತಿದೆ. ಬಚ್ಚಲು ತುಂಬಿ, ಹೊಸ್ತಿಲು ದಾಟಿ, ಅಡುಗೆಮನೆಗೆ ಬಂತು. ಅದರಲ್ಲಿ ಏನೇನು ತೇಲುತ್ತಿತ್ತು ಅನ್ನುವುದನ್ನು ಬರೆಯುವುದಿಲ್ಲ. ಯಾರದೋ ಮನೆಯದು ನನ್ನ ಒಲೆಯ ಕೆಳಗೆ ಬಂದು ನಿಂತಿತ್ತು, ಅಷ್ಟು ಸಾಕು. ಉದ್ದಿನ ಮೂಟೆಯನ್ನು ಮಂಚದ ಮೇಲೆ ಎತ್ತಿಟ್ಟು, ಕಸದ ಮೊರದಲ್ಲಿ ನೀರು ಮೊಗೆದು ಬೀದಿಗೆ ಚೆಲ್ಲಿದೆವು. ಬೀದಿಯ ನಡುವಿನ ಒಳಚರಂಡಿ ಚೇಂಬರಿನ ಮುಚ್ಚಳದ ಸುತ್ತಲೂ ಅದೇ ನೀರು ಬುಗ್ಗೆಯ ಹಾಗೆ ಉಕ್ಕುತ್ತಿತ್ತು.

ಮಳೆ ನೀರು ನುಗ್ಗಿರಬೇಕು ಅಂದುಕೊಂಡು ತೊಳೆದೆವು, ಬ್ಲೀಚಿಂಗ್ ಪೌಡರ್ ಹಾಕಿದೆವು. ಆದರೆ ಆಮೇಲೆ ಬಿಸಿಲು ಬಿದ್ದ ದಿನಗಳಲ್ಲೂ ಬಂತು. ಬೆಳಿಗ್ಗೆ, ಊರೆಲ್ಲ ಸ್ನಾನ ಮಾಡುವ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ನಮ್ಮ ಬೀದಿಯವರು ಸ್ನಾನ ಮಾಡುವುದನ್ನೇ ಬಿಟ್ಟಿದ್ದೆವು, ಮತ್ತೆ ಈ ನೀರು ಯಾರದು?

ಚರಂಡಿ ನೋಡಿಕೊಳ್ಳುವ ಕಚೇರಿಗೆ ಫೋನ್ ಮಾಡಿದೆ. ದೂರು ಬರೆದುಕೊಂಡರು. ಎಂಜಿನಿಯರ್ ಬಂದು ಚೇಂಬರಿನ ಪಕ್ಕ ಕರ್ಚೀಫು ಮೂಗಿಗೆ ಹಿಡಿದು ನಿಂತರು. "ಮಳೆ ಜಾಸ್ತಿ ಮೇಡಂ. ಏನ್ ಮಾಡಕ್ಕಾಗುತ್ತೆ?" ಇವತ್ತು ಮಳೆಯೇ ಇಲ್ಲವಲ್ಲ ಸಾರ್ ಅಂದರೆ, "ಮೊನ್ನೆ ಬಂದಿತ್ತಲ್ಲ" ಅಂದರು. ಕಟ್ಟಿದ ಲೈನ್ ಬಿಡಿಸುವ ದೊಡ್ಡ ಗಾಡಿ ಒಂದು ದಿನ ಬಂತು, ಬೀದಿಯ ತಿರುವಿನಲ್ಲಿ ಸಿಕ್ಕಿಕೊಂಡಿತು, ಹಿಂದಕ್ಕೆ ಹೋಯಿತು. ಅವತ್ತು ನಾನು ಸೀರೆ ಎತ್ತಿಕಟ್ಟಿ, ಪಾದ ಮುಳುಗುವ ನೀರಿನಲ್ಲಿ ನಿಂತು ಪೊರಕೆ ಹಿಡಿದಿದ್ದಾಗ ಮೊಬೈಲಿಗೆ ಮೆಸೇಜ್ ಬಂತು: ನಿಮ್ಮ ದೂರನ್ನು ಬಗೆಹರಿಸಲಾಗಿದೆ, ಸೇವೆಯ ಬಗ್ಗೆ ಅಭಿಪ್ರಾಯ ತಿಳಿಸಿ. ಅಭಿಪ್ರಾಯ! ಆ ಫೋನನ್ನು ಆ ನೀರಿಗೇ ಎಸೆಯೋಣ ಅನ್ನಿಸಿತು. ಮತ್ತೆ ದೂರು ಕೊಟ್ಟೆ, ಮತ್ತೆ ಬಗೆಹರಿಯಿತು. ಆ ಮಳೆಗಾಲವಿಡೀ ನಮ್ಮ ಮನೆಯ ಗಲೀಜು ಅವರ ಕಂಪ್ಯೂಟರಿನಲ್ಲಿ ಬಗೆಹರಿಯುತ್ತಲೇ ಇತ್ತು.

ಆಮೇಲೆ ಬಂದದ್ದು ಅದಕ್ಕಿಂತ ಕೆಟ್ಟದ್ದು. ಒಂದು ಮಧ್ಯಾಹ್ನ ಸುಜಾತಾ ಮೈತ್ರಿಯನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. ಮಗುವನ್ನು ಬೆಳಕಿಗೆ ತಿರುಗಿಸಿ, ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದಳು. ಕಣ್ಣಿನ ಬಿಳಿಯೆಲ್ಲ ಅರಿಶಿನವಾಗಿತ್ತು.

"ಕಾಮಾಲೆ ಅಕ್ಕ. ಬೆಳಿಗ್ಗೆ ಉಚ್ಚೆ ನೋಡಿದಾಗ್ಲೇ ಅನುಮಾನ ಬಂತು. ಕುಡಿಯೋಕೆ ಕಾಯಿಸಿದ ನೀರೇ ಕೊಡ್ತಿದ್ದೆ. ಹಲ್ಲುಜ್ಜೋದು, ಬಾಯಿ ಮುಕ್ಕಳಿಸೋದು ಮಾತ್ರ ಸಂಪಿನ ನೀರಲ್ಲೇ."

ಕುಡಿಯುವ ನೀರಿನ ಸಂಪು ಇದ್ದದ್ದು ಗೇಟಿನ ಬುಡದಲ್ಲಿ, ಉಕ್ಕುವ ಚೇಂಬರಿಗೆ ಒಂದು ಮಾರು ದೂರದಲ್ಲಿ. ಇಬ್ಬರೂ ಅದರ ಕಡೆ ನೋಡಿದೆವು.

"ಹಿಟ್ಟು ಮಾರ್ಬೇಡಿ ಅಕ್ಕ," ಅಂದಳು, ತುಂಬ ಮೆತ್ತಗೆ.

ಹಿಟ್ಟಿಗೆ ನಾನು ಕ್ಯಾನ್ ನೀರು ಹಾಕುತ್ತಿದ್ದೆ. ಆದರೆ ಬೀದಿಯೇ ಹೀಗಿರುವಾಗ ಯಾವ ಪಾತ್ರೆಯನ್ನು ನಂಬುವುದು? ಅವತ್ತು ರುಬ್ಬಿದ್ದು ಅದೇ ತಾನೇ ಹುದುಗು ಬರುತ್ತಿತ್ತು. ಚೆಲ್ಲೋಣವೆಂದರೆ ಮೋರಿಯಲ್ಲಿ ಜಾಗವಿಲ್ಲ! ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಬಾಯಿ ಕಟ್ಟಿ, ಕಸದ ಆಟೋಗೆ ಹಾಕಿದೆ. ಗ್ರೈಂಡರಿಗೆ ಬಟ್ಟೆ ಮುಚ್ಚಿದೆ. ಹಿಟ್ಟಿಗೆ ಬಂದವರಿಗೆ "ಹುಷಾರಿಲ್ಲ" ಅನ್ನಲಿಲ್ಲ. "ನಮ್ಮ ಬೀದಿ ನೀರಿಗೆ ಚರಂಡಿ ಸೇರಿದೆ, ತಗೊಂಡು ಹೋಗ್ಬೇಡಿ" ಅಂತಲೇ ಹೇಳಿದೆ. ವೆಂಕಟೇಶಪ್ಪನವರು ಇಳಿದು ಬಂದು ರೇಗಿದರು. "ಹಿಂಗೆಲ್ಲ ಡಂಗುರ ಹೊಡೆದ್ರೆ ನಾಳೆ ಮನೆಗೆ ಬಾಡಿಗೆಯೋರು ಬರ್ತಾರೇನಮ್ಮಾ?" ಅವರ ಚಿಂತೆ ಅದು.

ಮೈತ್ರಿ ಆಸ್ಪತ್ರೆ ಸೇರಿದಳು. ಅದರ ಬೆನ್ನಿಗೇ ಬೀದಿಯ ಕೊನೆಮನೆಯಲ್ಲೂ ಕಾಮಾಲೆ ಬಂತು. ಆಗ ವೆಂಕಟೇಶಪ್ಪನವರು ತಾವೇ ಒಂದು ದಾರಿ ಹುಡುಕಿದರು. ಒಂದು ಭಾನುವಾರ ಬೆಳಿಗ್ಗೆ ಒಬ್ಬ ಮೇಸ್ತ್ರಿ ಇಬ್ಬರು ಆಳುಗಳನ್ನು ಟೆಂಪೋದಲ್ಲಿ ಕರೆದುಕೊಂಡು ಬಂದ. ಹಾರೆ ಹಾಕಿ ಚೇಂಬರಿನ ಮುಚ್ಚಳ ತೆಗೆದರು. ಆಳುಗಳಲ್ಲಿ ಒಬ್ಬ, ಮುನಿರಾಜು ಅಂತ, ನನ್ನ ತಮ್ಮನ ವಯಸ್ಸಿನವನು, ಷರ್ಟು ಬಿಚ್ಚಿ ಕಾಂಪೌಂಡಿನ ಮೇಲೆ ಇಟ್ಟ. ಇನ್ನೊಬ್ಬ ಅವನ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದ. ಮುಖಕ್ಕೆ ಏನೂ ಇಲ್ಲ, ಕೈಗೆ ಏನೂ ಇಲ್ಲ. ಬಾವಿಗೆ ಬಿದ್ದ ಕೊಡ ತೆಗೆಯಲು ಇಳಿಯುವವನ ಹಾಗೆ ಸಿದ್ಧನಾಗುತ್ತಿದ್ದ. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಅಂತೂ ಇವತ್ತು ಬಿಡುಗಡೆ ಅನ್ನುವ ಕಳೆ ಎಲ್ಲರ ಮುಖದಲ್ಲಿ.

ಅಷ್ಟರಲ್ಲಿ ಸುಜಾತಾ ನೈಟ್ ಡ್ಯೂಟಿ ಮುಗಿಸಿ, ಮಗುವನ್ನೂ ನೋಡಿಕೊಂಡು ಬಂದಳು. ಯೂನಿಫಾರ್ಮಿನಲ್ಲೇ ಇದ್ದಳು. ಆ ಹಗ್ಗ ನೋಡಿದಳು. ಬ್ಯಾಗನ್ನು ನನ್ನ ಕೈಗೆ ಕೊಟ್ಟು, ಮನೆಯೊಳಗೆ ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದಳು. ತೆರೆದ ಚೇಂಬರಿನ ಬಾಯಿಗೆ ಅಡ್ಡ ಹಾಕಿ ಕೂತುಬಿಟ್ಟಳು. ಅವಳ ಬಿಳೀ ಶೂಗಳ ಕೆಳಗೆ ಆ ಕಪ್ಪು ನೀರು ಗುಳ್ಳೆ ಹೊಡೆಯುತ್ತಿತ್ತು.

"ಯಾರೂ ಇಳಿಯೋ ಹಾಗಿಲ್ಲ," ಅಂದಳು.

ಮೊದಲು ನಕ್ಕರು. ಆಮೇಲೆ ವೆಂಕಟೇಶಪ್ಪನವರು, "ಏಳಮ್ಮ, ಕೆಲಸ ಆಗ್ಲಿ" ಅಂದರು.

"ಮನುಷ್ಯನ್ನ ಇಳಿಸಬಾರ್ದು ಅಂತ ಕಾನೂನಿದೆ ಅಂಕಲ್. ಮಿಷಿನ್ ತರಿಸಿ."

"ಕಾನೂನು ಬಂದು ನಮ್ಮನೆ ತೊಳೆಯುತ್ತಾ? ನಿನ್ ಮಗೂಗೇ ಕಾಮಾಲೆ ಬಂದು ಆಸ್ಪತ್ರೇಲಿದೆ. ನಿನಗೆ ಬುದ್ಧಿ ಬೇಡ್ವಾ?"

ಸುಜಾತಾ ಅವರನ್ನೇ ನೋಡಿದಳು. ಅವಳ ದನಿ ಒಡೆಯಲಿಲ್ಲ. "ನನ್ನ ಮಗು ಹುಷಾರಾಗ್ತಾಳೆ ಅಂಕಲ್. ಡಾಕ್ಟ್ರು ಹೇಳಿದಾರೆ. ನಮ್ಮಪ್ಪ ಹುಷಾರಾಗ್ಲಿಲ್ಲ. ಸುದ್ದಗುಂಟೆಪಾಳ್ಯದಲ್ಲಿ ಇಂಥದೇ ಗುಂಡಿಗೆ ಇಳಿಸಿದ್ರು. ಹಿಂಗೇ ಹಗ್ಗ ಕಟ್ಟಿದ್ರು. ಹಿಂಗೇ ಜನ ನಿಂತಿದ್ರು. ನಾನಾಗ ಹೈಸ್ಕೂಲು. ಒಳಗಿನ ಗ್ಯಾಸಿಗೆ ಕೂಗೋಕೂ ಆಗ್ಲಿಲ್ವಂತೆ ಅವರಿಗೆ. ಹಗ್ಗ ಎಳೆದಾಗ ಹೆಣ ಬಂತು."

ಗೋಡೆಯ ಮೇಲಿನ ಆ ಫೋಟೋದ ಮುಖ ನನ್ನ ಕಣ್ಣಿಗೆ ಕಟ್ಟಿತು.

ಹಗ್ಗ ಕಟ್ಟಿಕೊಂಡಿದ್ದ ಮುನಿರಾಜುವಿಗೆ ಮಾತ್ರ ಸಿಟ್ಟು ಬಂತು. "ಅಕ್ಕಾ, ಎದ್ದೇಳಿ. ನಿಮ್ಮಪ್ಪನ ಕತೆ ನಂಗ್ಯಾಕೆ? ಇವತ್ತಿನ ಕೂಲಿ ನೀವು ಕೊಡ್ತೀರಾ? ನಾನು ಎಷ್ಟು ಗುಂಡಿ ಇಳಿದಿದೀನಿ, ನಂಗೇನೂ ಆಗಿಲ್ಲ."

"ನಮ್ಮಪ್ಪನೂ ಎಷ್ಟೋ ಇಳಿದಿದ್ರು ಅಣ್ಣ," ಅಂದಳು.

ಮೇಸ್ತ್ರಿ ಕುರ್ಚಿಯ ಕೈಗೆ ಕೈ ಹಾಕಿದ. ಆಗ ನನ್ನ ಮೈಯೆಲ್ಲ ಉರಿಯಿತು. ಮನೆಗೆ ಹೋಗಿ, ಗ್ರೈಂಡರಿನ ಪಕ್ಕದ ನನ್ನ ಮಣೆ ತಂದು, ಚೇಂಬರಿನ ಇನ್ನೊಂದು ಬದಿಗೆ ಹಾಕಿ ಕೂತೆ. "ಮುಟ್ಟು ನೋಡೋಣ" ಅಂದೆ. ಏಕವಚನದಲ್ಲೇ ಅಂದೆ. ಕೊನೆಮನೆಯ ಆಂಟಿಯೂ ಗೊಣಗುತ್ತಾ ಬಂದು ನಮ್ಮ ಹಿಂದೆ ನಿಂತರು. ನಮ್ಮನೆಯವರು "ಒಳಗೆ ಬಾರೇ, ಎಲ್ಲರೂ ನೋಡ್ತಿದಾರೆ" ಅಂತ ಎರಡು ಸಲ ಕರೆದರು. ನೋಡಲಿ ಅಂದೆ. ಸ್ವಲ್ಪ ಹೊತ್ತಿಗೆ ಹನಿ ಶುರುವಾಯಿತು. ಅವರು ಒಳಗೆ ಹೋದರು, ಸಿಟ್ಟಾಗಿ ಹೋದರು ಅಂದುಕೊಂಡೆ. ಕೊಡೆ ತಂದು ನಮ್ಮಿಬ್ಬರ ತಲೆಯ ಮೇಲೂ ಹಿಡಿದು ನಿಂತರು.

ಮೇಸ್ತ್ರಿ ಬೈದುಕೊಂಡು ಆಳುಗಳನ್ನು ಟೆಂಪೋ ಹತ್ತಿಸಿದ. ಮುನಿರಾಜು ಒದ್ದೆ ಷರ್ಟು ಹೆಗಲ ಮೇಲೆ ಹಾಕಿಕೊಂಡು, ನಮ್ಮ ಕಡೆ ಉಗಿಯುವ ಹಾಗೆ ನೋಡಿ ಹೋದ. ವಿಷಯ ಎಂಜಿನಿಯರಿಗೆ ಮುಟ್ಟಿತು. ಎಷ್ಟು ದೂರು ಕೊಟ್ಟರೂ ತಿರುಗಿ ನೋಡದವರು ಈಗ ಓಡಿ ಬಂದರು. "ಆ ಆಳುಗಳನ್ನ ನಾವು ಕಳಿಸಿಲ್ಲ, ನಮಗೆ ಸಂಬಂಧ ಇಲ್ಲ" ಅನ್ನುವುದು ಅವರ ಮೊದಲನೇ ಮಾತು.

"ಮಿಷಿನ್ ಕಳಿಸಿ ಸಾರ್, ಏಳ್ತೀವಿ," ಅಂದಳು ಸುಜಾತಾ.

"ಗಾಡಿ ಬರಲ್ಲಮ್ಮ ಈ ಬೀದಿಗೆ. ಚಿಕ್ಕ ಗಾಡಿ ಒಂದಿದೆ, ಅದು ಬೇರೆ ಸಬ್‌ಡಿವಿಷನ್‌ದು. ಕೇಳ್ಬೇಕು."

"ಕೇಳಿ."

ಫೋನ್ ಮಾಡಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಗಾಡಿ ಬಂತು. ಒಂದು ಫೋನ್! ನಮ್ಮ ಅಡುಗೆಮನೆಯಲ್ಲಿ ಗಲೀಜು ನಿಂತು, ಮಕ್ಕಳ ಕಣ್ಣು ಹಳದಿಯಾಗಿ, ಒಬ್ಬ ಗಂಡಸು ಸಾಯಲು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವವರೆಗೂ ಯಾರೂ ಮಾಡದೆ ಇದ್ದ ಒಂದು ಫೋನ್. ಅಕ್ಕಪಕ್ಕದ ಎರಡು ಆಫೀಸುಗಳು ಒಂದನ್ನೊಂದು ಕೇಳಿಕೊಳ್ಳಲು ಅವಕ್ಕೆ ಅಷ್ಟು ಸಂಕೋಚವಿತ್ತು.

ಗಾಡಿಯ ಪೈಪು ಒಳಗಿಳಿದು ಕೆಸರನ್ನು ಎಳೆಯತೊಡಗಿತು. ಎಳೆದಷ್ಟೂ ಬಂತು. ನೀರು ತಗ್ಗಿದ ಮೇಲೆ ನೋಡಿದರೆ, ಮೇಲುಗಡೆಯ ದೊಡ್ಡ ರಸ್ತೆಯ ಕಡೆಯಿಂದ ನಮ್ಮ ಬೀದಿಯ ಸಣ್ಣ ಲೈನಿಗೆ ತೊಡೆದಪ್ಪದ ಒಂದು ಹೊಸ ಪೈಪು ಸೇರಿಸಿದ್ದರು. ಎಂಜಿನಿಯರ್ ಬಾಯಿಂದ ಮಾತು ಜಾರಿತು. "ಇದು ನಿಮ್ಮ ಬೀದಿ ನೀರೇ ಅಲ್ಲ ಮೇಡಂ."

ಆ ಪೈಪು ಹಿಡಿದು ಹೋದರೆ ಸಿಗುವುದು ಆ ದೊಡ್ಡ ರಸ್ತೆಯ ಮೂಲೆಯಲ್ಲಿರುವ ಒಂದು ಅಪಾರ್ಟ್‌ಮೆಂಟು. ಮಾರನೇ ದಿನ ನಾನು, ಸುಜಾತಾ, ನಮ್ಮನೆಯವರು ಅಲ್ಲಿಗೆ ಹೋದೆವು. ಸೆಕ್ಯುರಿಟಿಯವನು "ಕೆಲಸಕ್ಕಾ? ಹಿಂದಿನ ಗೇಟು" ಅಂದ. ಮ್ಯಾನೇಜರ್ ಬಂದು, ತಮ್ಮಲ್ಲಿ ಸ್ವಂತ ಎಸ್‌ಟಿಪಿ ಇದೆಯೆಂದೂ, ಬಳಸಿದ ನೀರನ್ನೆಲ್ಲ ಅಲ್ಲೇ ಶುದ್ಧ ಮಾಡಿ ಗಿಡಗಳಿಗೆ ಹಾಕುತ್ತಾರೆಂದೂ, ಒಂದು ತೊಟ್ಟೂ ಹೊರಗೆ ಬಿಡುವುದಿಲ್ಲವೆಂದೂ ಇಂಗ್ಲಿಷಿನಲ್ಲಿ ಹೇಳಿದರು. ಲಾಬಿಯ ಸೋಫಾದಲ್ಲಿ ಪೇಪರ್ ಓದುತ್ತಿದ್ದ ಒಬ್ಬರು, ಅಲ್ಲೇ ಫ್ಲ್ಯಾಟ್ ಇರುವ ರಿಟೈರ್ಡ್ ಪ್ರೊಫೆಸರು, ಪೇಪರ್ ಮಡಚಿಟ್ಟು ಎದ್ದರು. "ಹಾಗಾದ್ರೆ ತೋರ್ಸೇಬಿಡಿ. ನಾನೂ ನೋಡಿಲ್ಲ" ಅಂದರು. ಮ್ಯಾನೇಜರ್ ಬೀಗದಕೈ ಸಿಕ್ಕುತ್ತಿಲ್ಲ ಅಂದರು. ಪ್ರೊಫೆಸರು ಸಿಗುವವರೆಗೆ ಕಾಯುತ್ತೀನಿ ಅಂದರು. ಸಿಕ್ಕಿತು.

ಬೇಸ್‌ಮೆಂಟಿನ ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಹೊಡೆದದ್ದು ಆ ವಾಸನೆ, ನಿಂಬೆಹುಲ್ಲಿನ ಫಿನಾಯಿಲ್ ಸುರಿದ ಹೇಲಿನ ವಾಸನೆ. ಯಂತ್ರಗಳೆಲ್ಲ ಇದ್ದವು. ದೊಡ್ಡ ತೊಟ್ಟಿಗಳು, ಗಾಳಿ ಊದುವ ಮೋಟಾರುಗಳು, ಬಣ್ಣ ಬಣ್ಣದ ಪೈಪುಗಳು. ಮೋಟಾರಿನ ಮೇಲೆ ಬೆರಳಿಟ್ಟರೆ ಗೆರೆ ಮೂಡುವಷ್ಟು ದೂಳು, ಸ್ವಿಚ್ ಬೋರ್ಡಿನಲ್ಲಿ ಜೇಡರ ಬಲೆ. ಮೊದಲನೇ ತೊಟ್ಟಿಯಿಂದಲೇ ಒಂದು ಪೈಪು ಗೋಡೆ ತೂರಿ ಹೊರಗೆ ಹೋಗಿತ್ತು, ನಮ್ಮ ಮನೆಯ ಕಡೆಗೆ.

"ಯಾಕಪ್ಪ ಓಡಿಸಲ್ಲ ಇದನ್ನ?" ಪ್ರೊಫೆಸರು ಕೇಳಿದರು.

"ಕರೆಂಟ್ ಬಿಲ್ ಸಾರ್. ಮೇಂಟೆನೆನ್ಸ್ ಜಾಸ್ತಿ ಮಾಡಿದ್ರೆ ನೀವೇ ಮೀಟಿಂಗಲ್ಲಿ ಗಲಾಟೆ ಮಾಡ್ತೀರ."

ಸುಜಾತಾ ಆ ಮೋಟಾರಿನ ಮುಂದೆ ತುಂಬ ಹೊತ್ತು ನಿಂತಿದ್ದಳು. "ಇದು ಓಡಿದ್ರೆ ಸಾಕಿತ್ತು ಅಲ್ವಾ ಅಕ್ಕ," ಅಂದಳು. "ಒಂದು ಸ್ವಿಚ್ಚು." ನಮ್ಮ ಮನೆಯ ನೆಲಕ್ಕೆ, ಅವಳ ಮಗಳ ಪಿತ್ತಜನಕಾಂಗಕ್ಕೆ, ಮುನಿರಾಜುವಿನ ಉಸಿರಿಗೆ ಆ ಕಟ್ಟಡ ಕಟ್ಟಿದ್ದ ಬೆಲೆ ಕರೆಂಟ್ ಬಿಲ್ಲಿಗಿಂತ ಕಡಿಮೆ. ಅವರಲ್ಲಿ ಯಾರೂ ಕ್ರೂರಿಗಳಲ್ಲ, ಅದು ನನಗೆ ಗೊತ್ತು. ಫ್ಲಶ್ ಒತ್ತಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಅಂತ ಕೇಳದೆ ಇರಲು ಕ್ರೌರ್ಯ ಬೇಕಾಗಿಲ್ಲ.

ಪ್ರೊಫೆಸರು ತಮ್ಮ ಅಸೋಸಿಯೇಷನ್ನಿನ ಮೇಲೆ ತಾವೇ ದೂರು ಬರೆದುಕೊಟ್ಟರು. ಅವರ ಮಾತಿಗೆ ಕಚೇರಿಯಲ್ಲಿ ಕುರ್ಚಿ ಸಿಕ್ಕಿತು, ನಮ್ಮ ಮಾತಿಗೆ ಸಿಕ್ಕಿರಲಿಲ್ಲ. ಆ ಪೈಪು ಮುಚ್ಚಿಸಿದರು, ಮೋಟಾರು ಓಡಿತು, ನಮ್ಮ ಬಚ್ಚಲು ಸುಮ್ಮನಾಯಿತು. ದಂಡ ಗಿಂಡ ಯಾರಿಗೂ ಬೀಳಲಿಲ್ಲ. ಮೈತ್ರಿ ಮನೆಗೆ ಬಂದಳು, ಗೊಂಬೆಯ ಹಾಗೆ ಹಗುರಾಗಿ. ಅವಳ ಮುಖಕ್ಕೆ ಬಣ್ಣ ಮರಳಲು ದೀಪಾವಳಿ ಆಯಿತು. ನಾನು ಗ್ರೈಂಡರಿನ ಬಟ್ಟೆ ತೆಗೆದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ದೀಪಾವಳಿಯ ಮಾರನೇ ವಾರ ವೆಂಕಟೇಶಪ್ಪನವರು ಸುಜಾತಾಗೆ ಮನೆ ಖಾಲಿ ಮಾಡಲು ಹೇಳಿದರು. ಮಗನಿಗೆ ಪೋರ್ಷನ್ ಬೇಕು ಅನ್ನುವುದು ನೆಪ. ನಾನು ಮೇಲೆ ಹೋಗಿ ಕೇಳಿದೆ.

"ನಿಮ್ಮದೇನೂ ಇಲ್ಲಮ್ಮ, ನೀವು ಇರಿ," ಅಂದರು. "ಅಂಥೋರು ಅಂತ ಮೊದಲೇ ಗೊತ್ತಿದ್ರೆ ಮನೆ ಕೊಡ್ತಾನೇ ಇರ್ಲಿಲ್ಲ."

"ಎಂಥೋರು?"

ಅಪ್ಪ ಏನು ಕೆಲಸ ಮಾಡಿ ಸತ್ತ ಅಂತ ಅವಳು ನಡುಬೀದಿಯಲ್ಲಿ ಹೇಳಿದ್ದಳಲ್ಲ, ಅದು ಅವರಿಗೆ ಸಾಕಾಗಿತ್ತು. ಅಷ್ಟು ದಿನ ಎಲ್ಲರ ಮಲ ಅವರ ಗೇಟಿನ ಮುಂದೆ ಉಕ್ಕಿದಾಗ ಆಗದ ಮೈಲಿಗೆ ಈಗ ಆಗಿತ್ತು. "ನಾನೂ ಕೂತಿದ್ದೆ ಅಲ್ಲಿ. ನನ್ನನ್ನೂ ಖಾಲಿ ಮಾಡ್ಸಿ" ಅಂತ ಕೂಗಿದೆ. ಕೂಗಬೇಡಿ, ಬಿ.ಪಿ. ಬರುತ್ತೆ ಅಂದರು. ಸುಜಾತಾ ಜಗಳಕ್ಕೆ ನಿಲ್ಲಲಿಲ್ಲ. "ಮಗು ಈಗಷ್ಟೇ ಎದ್ದಿದೆ ಅಕ್ಕ, ಇಲ್ಲಿ ದಿನಾ ಇವರ ಮುಖ ನೋಡ್ಕೊಂಡು ಬೆಳೆಯೋದು ಬೇಡ" ಅಂದು ಅರೆಕೆರೆಯಲ್ಲಿ ಮನೆ ಹಿಡಿದಳು.

ಅವಳು ಹೋದ ಮೇಲೆ ಬೀದಿಯಲ್ಲಿ ರಾಜ್ಯೋತ್ಸವ ಮಾಡಿದರು. ನಮ್ಮೂರಲ್ಲಿ ಅದು ನವೆಂಬರ್ ಮುಗಿಯುವವರೆಗೂ ನಡೆಯುತ್ತದೆ. ಶಾಮಿಯಾನ, ಮೈಕು, ಬಾವುಟ. ಚರಂಡಿ ಸಮಸ್ಯೆ ಬಗೆಹರಿಸಿದ್ದಕ್ಕೆ ವೆಂಕಟೇಶಪ್ಪನವರಿಗೂ ಎಂಜಿನಿಯರ್ ಸಾಹೇಬರಿಗೂ ಶಾಲು, ಹಾರ, ಮೈಸೂರು ಪೇಟ. ಸರಿಯಾಗಿ ಅದೇ ಚೇಂಬರಿನ ಮುಚ್ಚಳದ ಮೇಲೆ ಸ್ಟೇಜು ಹಾಕಿದ್ದರು. ನಾನು ಮೆಟ್ಟಿಲು ಹತ್ತಿ ಮೈಕು ಹಿಡಿದೆ. "ಇದನ್ನ ಬಗೆಹರಿಸಿದೋಳ ಹೆಸರು ಸುಜಾತಾ. ಅವಳನ್ನ ಇದೇ ಪುಣ್ಯಾತ್ಮರು ಮನೆ ಬಿಡಿಸಿದ್ರು" ಅನ್ನುವಷ್ಟರಲ್ಲಿ ಯಾರೋ ಮೈಕು ಆಫ್ ಮಾಡಿ ಹಾಡು ಹಾಕಿದರು. ಆದರೂ ಮುಂದಿನ ಸಾಲುಗಳಿಗೆ ಕೇಳಿಸಿತ್ತು. ಕೊನೆಮನೆಯ ಆಂಟಿ ಎದ್ದು ಹೊರಟರು, ಅವರ ಹಿಂದೆ ಇನ್ನೂ ಒಂದಿಷ್ಟು ಜನ. ಅಗ್ರಿಮೆಂಟ್ ಮುಗಿದದ್ದೇ ನಾವೂ ಆ ಮನೆ ಬಿಟ್ಟು ಬನಶಂಕರಿಗೆ ಬಂದೆವು.

ನಾಮಕರಣದ ಮಾರನೇ ದಿನ ತಡೆಯಲಾರದೆ ಅರೆಕೆರೆಗೆ ಹೋದೆ. ಮೈತ್ರಿ ಈಗ ನನ್ನ ಭುಜದೆತ್ತರ ಬಂದಿದ್ದಾಳೆ. ಸುಜಾತಾ ಕಾಫಿ ಕೊಟ್ಟು, ನನ್ನ ಸಿಟ್ಟನ್ನೆಲ್ಲ ಕೇಳಿಸಿಕೊಂಡು, "ಅಕ್ಕ, ನಿಮಗೊಂದು ವಿಷಯ ಹೇಳ್ಬೇಕು" ಅಂದಳು.

ಸ್ವಲ್ಪ ದಿನದ ಹಿಂದೆ ಡ್ಯೂಟಿ ಮುಗಿಸಿ ಬರುವಾಗ, ಬನ್ನೇರುಘಟ್ಟ ರಸ್ತೆಯ ಪಕ್ಕದಲ್ಲಿ ಕೇಬಲ್ಲಿಗೆ ಕಾಲುವೆ ತೋಡುತ್ತಿದ್ದವರಲ್ಲಿ ಒಬ್ಬ ಗುದ್ದಲಿ ಬಿಟ್ಟು ಅವಳ ಮುಂದೆ ಬಂದು ನಿಂತನಂತೆ. ಮುನಿರಾಜು. ಅವನಿಗೆ ಗುರುತು ಹತ್ತಿತ್ತು. ಅವತ್ತು ಬರಿಗೈಯಲ್ಲಿ ಮನೆಗೆ ಹೋದದ್ದು, ಮೇಸ್ತ್ರಿ ಆಮೇಲೆ ಕೆಲಸಕ್ಕೇ ಕರೆಯದೆ ಹೋದದ್ದು, ಎಲ್ಲವನ್ನೂ ಎತ್ತಿ ಆಡಿದನಂತೆ. ಹೊಟ್ಟೆ ಮೇಲೆ ಹೊಡೆದೋಳು ನೀನು ಅಂತ ನಡುರಸ್ತೆಯಲ್ಲಿ, ಬಸ್‌ಸ್ಟಾಪಿನ ಜನರೆಲ್ಲ ತಿರುಗಿ ನೋಡುವ ಹಾಗೆ ಬೈದನಂತೆ.

"ನೀನೇನಂದೆ?" ನನಗೆ ಮತ್ತೆ ಉರಿಯಿತು. "ಅವನ ಜೀವ ಉಳಿಸಿದ್ದು ನೀನು ಅಂತ ಹೇಳ್ಲಿಲ್ವಾ?"

"ಏನೂ ಅನ್ಲಿಲ್ಲ ಅಕ್ಕ. ಕೇಳಿಸ್ಕೊಂಡು ನಿಂತಿದ್ದೆ." ಲೋಟ ಕೈಯಲ್ಲಿ ಹಿಡಿದು ಅವಳು ನಗುತ್ತಿದ್ದಳು, ಕಣ್ಣು ಮಾತ್ರ ಒದ್ದೆಯಾಗಿತ್ತು. "ಬೈಲಿ ಬಿಡಿ. ಬೈಯೋಕೆ ಇದಾನಲ್ಲ."